ಸ್ಟಾಂಪಿಗೆ ಬೇಕಾದ ಅರ್ಹತೆ

ಈ ಪ್ರಸಂಗದ ಕೆಲವು ವಿವರಗಳು ನನಗೆ ತಪ್ಪಾಗಿ ನೆನಪಿರಬಹುದು. ದಿನಚರಿ ಬರೆಯುವ ಅಭ್ಯಾಸವೇನೋ ಇದೆ. ಆದರೆ ಬರೆಯಲು ಕೂತಾಗ ನಡೆದದ್ದಕ್ಕಿಂತ ನಡೆಯಬೇಕಾಗಿದ್ದದ್ದೇ ಚೆನ್ನಾಗಿ ಹೊಳೆಯುತ್ತದೆ. ಉಡುತಡಿಯ ಸನ್ಮಾನದಲ್ಲಿ ಚಿಕ್ಕಪ್ಪನಿಗೆ ಹೊದಿಸಿದ ಶಾಲು ಹಸಿರು ಎಂದು ನಾನು ಬರೆದಿದ್ದೇನೆ. ಕೆಂಪು ಎನ್ನುತ್ತಾಳೆ ಚಿಕ್ಕಮ್ಮ. ಶಾಲು ಅವಳ ಟ್ರಂಕಿನಲ್ಲೇ ಇದೆ. ತೆಗೆಸಿ ನೋಡುವ ಧೈರ್ಯ ನನಗಿಲ್ಲ.

ಚಿಕ್ಕಪ್ಪ ಕುರಿ ಸಾಕುವವನು. ಹೊಟ್ಟೆಯೊಳಗೆ ಮರಿ ಅಡ್ಡ ತಿರುಗಿತೆಂದರೆ ಸುತ್ತಲ ಊರಿನವರು ಅವನನ್ನೇ ಕರೆಯುತ್ತಾರೆ. ಕೈಗೆ ಎಣ್ಣೆ ಹಚ್ಚಿಕೊಂಡು, ಕಣ್ಣು ಮುಚ್ಚಿ, ಮರಿಯನ್ನು ನೆಟ್ಟಗೆ ತಿರುಗಿಸಿ ಹೊರಗೆ ತರುತ್ತಾನೆ. ಅದಕ್ಕೇ ಸನ್ಮಾನ. ಭಾಷಣ ಮಾಡಿದವರೊಬ್ಬರು ಹುರುಪಿನಲ್ಲಿ, "ಇಂಥವರ ಹೆಸರಲ್ಲಿ ಅಂಚೆಚೀಟಿ ಬರಬೇಕು" ಎಂದುಬಿಟ್ಟರು. ವೇದಿಕೆಯ ಮಾತನ್ನು ವೇದಿಕೆಯಲ್ಲೇ ಬಿಟ್ಟು ಮನೆಗೆ ಹೋಗುವುದು ಎಲ್ಲರಿಗೂ ರೂಢಿ. ಚಿಕ್ಕಪ್ಪನಿಗೆ ವೇದಿಕೆ ಹೊಸದು. ಮಾರನೆಯ ಬೆಳಿಗ್ಗೆಯೇ ಸೊರಬದಲ್ಲಿರುವ ನನಗೆ ಫೋನು ಬಂತು.

"ನೀ ಎಂಎ ಓದಿದೋಳು. ಸ್ಟಾಂಪಿಗೆ ಹೆಂಗೆ ಆರಿಸ್ತಾರೆ ಅಂತ ಒಸಿ ವಿಚಾರ್ಸು."

ನನಗೆ ಖುಷಿಯೇ ಆಯಿತು. ಅವನ ಹೃದಯದ ಕವಾಟ ಕೆಟ್ಟಿದೆ, ಬೇಗ ಆಪರೇಷನ್ ಆಗದಿದ್ದರೆ ಉಳಿಯುವುದು ಕಷ್ಟ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದರು. ಅವನು ಕುರಿಗೆ ಜ್ವರ, ಮಳೆ, ಅಮಾವಾಸ್ಯೆ ಎಂದೆಲ್ಲ ಮುಂದೆ ಹಾಕುತ್ತಿದ್ದ. ಸ್ಟಾಂಪು ನೋಡಲು ಬದುಕಿರಬೇಕಲ್ಲ ಎಂದು ಆಸೆ ಹಚ್ಚಿ ಆಸ್ಪತ್ರೆಗೆ ಸಾಗಿಸಬಹುದೆಂಬುದು ನನ್ನ ವಿದ್ಯಾವಂತ ಉಪಾಯ.

ಶಿಕಾರಿಪುರದ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ನಿಯಮ ಓದಿಕೊಂಡೆ. ಯಾರು ಬೇಕಾದರೂ ಹೆಸರು ಸೂಚಿಸಬಹುದು. ಸಮಿತಿಯೊಂದು ಕೂತು ನೋಡುತ್ತದೆ. ವಿಷಯಕ್ಕೆ ದೇಶಮಟ್ಟದ ಮಹತ್ವ ಇರಬೇಕು. ಶತಮಾನೋತ್ಸವದಂಥದ್ದು ಕೂಡಿಬಂದರೆ ಒಳ್ಳೆಯದು. ಹೂವು, ಹಕ್ಕಿ, ಕೋಟೆ, ಸೇತುವೆಗಳು ಇದ್ದ ಹಾಗೇ ಸ್ಟಾಂಪಿಗೆ ಹೋಗಬಹುದು. ಮನುಷ್ಯ ಮಾತ್ರ ಸತ್ತಿರಬೇಕು. ಸತ್ತರಷ್ಟೇ ಸಾಲದು, ಸಾಮಾನ್ಯವಾಗಿ ಹತ್ತು ವರ್ಷವಾದರೂ ಕಳೆದಿರಬೇಕು.

ಅವರ ಮನೆಯ ಅಂಗಳದಲ್ಲಿ, ಮುಂದೇನಾದೀತೆಂದು ಯೋಚಿಸದೆ, ಇದನ್ನೆಲ್ಲ ಓದಿ ಹೇಳಿದೆ. ಚಿಕ್ಕಪ್ಪ ತಳಿಗೆ ಬಿಡಲು ಟಗರು ಆರಿಸುತ್ತಿದ್ದ. ಒಂದರ ಬಾಯಿ ಬಿಡಿಸಿ ಹಿಡಿದುಕೊಂಡೇ ಕೇಳಿಸಿಕೊಂಡ.

"ನಾವು ಬದುಕಿದ್ದಾಗ್ಲೇ ಹಲ್ಲು ನೋಡಿ ಆರಿಸ್ತೀವಿ. ಸತ್ತು ಹತ್ತು ವರ್ಷ ಆದ್ಮೇಲೆ ಬಂದು ನೋಡಿದ್ರೆ ಅವ್ರಿಗೆ ಏನು ಸಿಗ್ತದೆ?"

"ಹಲ್ಲೇ ಸಿಗ್ತವೆ" ಎಂದಳು ಚಿಕ್ಕಮ್ಮ.

ಮೂವರೂ ನಕ್ಕೆವು. ಅವನು ಟಗರನ್ನು ಬಿಟ್ಟು, "ಹಂಗಾದ್ರೆ ಆಪರೇಷನ್ ಮಾಡಿಸ್ಕಂಡ್ರೆ ಸ್ಟಾಂಪು ಇನ್ನೂ ತಡ ಆಗ್ತದಲ್ಲೇ" ಎಂದ. ಆಗಲೂ ನಕ್ಕೆವೆಂದೇ ನನ್ನ ನೆನಪು. ನಾನೊಬ್ಬಳೇ ನಕ್ಕೆನೆಂದು ಚಿಕ್ಕಮ್ಮನ ನೆನಪು.

ಆ ಮಧ್ಯಾಹ್ನವೇ ಆಸ್ಪತ್ರೆಯಿಂದ ಫೋನು ಬಂತು, ಯಾವಾಗ ಬಂದು ಸೇರುತ್ತೀರಿ ಎಂದು. "ಬೇಡ ಕಣಮ್ಮ, ಸ್ಟಾಂಪಿಗೆ ಅಡ್ಡಿ ಆಗ್ತದೆ" ಎಂದು ಹೇಳಿ ಇಟ್ಟುಬಿಟ್ಟ. ಈ ಸಲ ಯಾರೂ ನಗಲಿಲ್ಲ. ಚಿಕ್ಕಮ್ಮ ನನ್ನನ್ನು ಅಡುಗೆಮನೆಗೆ ಕರೆದು, ದನಿ ತಗ್ಗಿಸಿ ಹೇಳಿದಳು: "ಅವ್ರಿಗೆ ಹೆದ್ರಿಕೆ ಕಣೇ. ಇಷ್ಟು ದಿನ ದಿನಕ್ಕೊಂದು ಸುಳ್ಳು ಹುಡುಕ್ತಿದ್ರು. ಈಗ ನೀ ಓದಿದೋಳು ಬಸ್ಸಿನಾಗೆ ಬಂದು, ಸಾಯೋ ತನಕ ಸಾಕಾಗೋವಂಥ ನೆಪ ಕೊಟ್ಟೆ."

ದೇಶಮಟ್ಟದ ಮಹತ್ವ ಎಂಬ ಷರತ್ತನ್ನು ಒತ್ತಿ ಹೇಳಿದ್ದರೆ ಆಸೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸ್ವಂತ ಚಿಕ್ಕಪ್ಪನ ಎದುರು ನಿಂತು, ನೀನು ಸತ್ತರೂ ಸಾಲದು ಎಂದು ಹೇಗೆ ಹೇಳುವುದು?

ಈಗ ಅವನಿಗೆ ಜಗುಲಿಯಿಂದ ಅಂಗಳಕ್ಕೆ ಇಳಿದರೂ ಏದುಸಿರು. ಕುರಿಯ ಹೆರಿಗೆಗೆ ಕರೆಯಲು ಬಂದವರನ್ನು, ನನ್ನ ಕೈಲಿ ಆಗದು ಎಂದು ವಾಪಸು ಕಳಿಸುತ್ತಾನೆ. ಕಳೆದ ಭಾನುವಾರ ಪಕ್ಕದಲ್ಲಿ ಕೂತೆ. ಬುದ್ಧಿ ಹೇಳುವುದೆಲ್ಲ ಮುಗಿದಿತ್ತು. ಕಾಗದ ಬರೆಯುವುದನ್ನು ಎಂದೋ ಬಿಟ್ಟ ನಾನು ಅವನನ್ನು ಹೀಗೆ ಕೇಳಿದೆ:

"ಚಿಕ್ಕಪ್ಪ, ನೀ ಹೋಗಿ ಹತ್ತು ವರ್ಷಕ್ಕೆ ಸ್ಟಾಂಪು ಬಂತು ಅಂತಲೇ ಇಟ್ಕೋ. ಅದನ್ನ ಹಚ್ಚಿ ನಾ ಯಾರಿಗೆ ಕಾಗದ ಬರೀಲಿ?"