ನಗುವಿಗೊಂದು ಕಪ್ಪು ಪರದೆ

“ನಿಮ್ಮ ತಲೇಲಿರೋದು ಮಿದುಳೋ, ಹಳೇ ಫಿಲ್ಮ್ ಸುರುಳಿಯೋ? ಬೆಳಬೆಳಗ್ಗೆ ಮಕ್ಕಳ ಹೊಟ್ಟೆ ಉರಿಸಿದ್ರಲ್ಲ!”

“ಮೆಲ್ಲಗೆ ಮಾತಾಡೇ, ಒಳಗೆ ಕೇಳಿಸುತ್ತೆ.”

“ಕೇಳಿಸ್ಲಿ! ಥೀಮ್ ಪಾರ್ಕಿಗೆ ಹೋಗ್ತಿದೀವಿ ಅಂತ ಈಗಲೇ ಹೇಳ್ಬಿಡ್ತೀನಿ.”

ಫೋಟೋ ಸ್ಟುಡಿಯೋದವನು ಹೆಂಡತಿಯ ಬಾಯಿಗೆ ಕೈ ಅಡ್ಡ ಹಿಡಿದ. ಅವಳು ಕಚ್ಚಿದಳು. ಅವನು ಕೂಗಲೂ ಆರದೆ ಒಂದು ಕಾಲ ಮೇಲೆ ಕುಣಿದ.

ಊರವರ ನಗುವನ್ನೆಲ್ಲ ಹಿಡಿದು ಚೌಕಟ್ಟಿಗೆ ಹಾಕಿಕೊಡುವ ಈ ಮನುಷ್ಯನಿಗೆ ಇದ್ದದ್ದು ಒಂದೇ ಕೊರಗು. ಮಗಳಿಗೆ ಏಳು ವರ್ಷ, ಮಗನಿಗೆ ಐದು. ಇಬ್ಬರೂ ಮನಸಾರೆ ನಕ್ಕ ಒಂದೇ ಒಂದು ಫೋಟೋ ಮನೆಯಲ್ಲಿರಲಿಲ್ಲ. ಅಪ್ಪ ಕ್ಯಾಮೆರಾ ಎತ್ತಿದರೆ ಸಾಕು, ಠಾಣೆಯಲ್ಲಿ ಹಾಜರಿ ಹಾಕಲು ಬಂದವರ ಹಾಗೆ ಮುಖ ಮಾಡುತ್ತಿದ್ದವು. ಅದಕ್ಕೇ ಗುಟ್ಟಾಗಿ ನಾಲ್ಕು ದಿನದ ಥೀಮ್ ಪಾರ್ಕ್ ಪ್ರವಾಸ ಗೊತ್ತು ಮಾಡಿದ್ದ. ಸುದ್ದಿ ಕೇಳಿದ ಕ್ಷಣದಲ್ಲಿ ಅರಳುವ ಆ ಎರಡು ಮುಖ ಅವನಿಗೆ ಬೇಕಿತ್ತು.

ಅಷ್ಟಕ್ಕೇ ಬಿಟ್ಟಿದ್ದರೆ ಬದುಕುತ್ತಿದ್ದ. ಆದರೆ ಕಸುಬಿನ ಬುದ್ಧಿ ಅಡ್ಡ ಬಂತು. ಬಿಳುಪು ಎದ್ದು ಕಾಣಬೇಕಾದರೆ ಹಿಂದೆ ಕಪ್ಪು ಪರದೆ ಬೇಕು. ಹಾಗಾಗಿ ತನಗೆ ಗೊತ್ತಿದ್ದ ಅತಿ ಕಪ್ಪು ಪರದೆಯನ್ನೇ ಎಳೆದಿದ್ದ: “ಇವತ್ತು ಹತ್ತು ಗಂಟೆಗೆ ಅತ್ತೆ ಮನೆಗೆ ಹೋಗ್ತೀರಿ. ನಾಲ್ಕು ದಿನ. ಬ್ಯಾಗ್ ತುಂಬ್ಕೊಳ್ಳಿ.”

ಅತ್ತೆಯೆಂದರೆ ಅವನ ಅಕ್ಕ. ಅರ್ಧ ಗಂಟೆ ದೂರದಲ್ಲಿ ರೈಲ್ವೆ ಗೇಟು ಕಾಯುವವಳು. ರೈಲಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಗುಡುಗಮ್ಮ ಎಂದು ಹೆಸರಾದವಳು. ಚಿಕ್ಕಂದಿನಲ್ಲಿ ಅವಳು ಕಿವಿ ಹಿಂಡಿ ಮಗ್ಗಿ ಹೇಳಿಸಿದ್ದನ್ನು ನೆನೆದರೆ ತಮ್ಮನ ಕಿವಿ ಈಗಲೂ ಬಿಸಿಯಾಗುತ್ತಿತ್ತು. ಹೋದ ವರ್ಷ ಹೆಂಡತಿ ಆಸ್ಪತ್ರೆ ಸೇರಿದಾಗ ಮಕ್ಕಳು ಮೂರು ದಿನ ಅಲ್ಲಿದ್ದು ಬಂದು, ಆಮೇಲೆ ವಾರವಿಡೀ ಯಾರೊಂದಿಗೂ ಮಾತಾಡದೆ ಗೋಡೆ ನೋಡುತ್ತಾ ಕೂತಿದ್ದವು. ಪಾಪ, ಎಷ್ಟು ಹೆದರಿದ್ದವೋ!

ಈಗಲೂ ಹಾಗೇ. ಅತ್ತೆ ಮನೆ ಎಂದದ್ದೇ ಇಬ್ಬರೂ ಮುಖ ಮುಖ ನೋಡಿಕೊಂಡು, ಕೋಣೆಗೆ ಓಡಿ ಚಿಲಕ ಹಾಕಿಕೊಂಡಿದ್ದವು. ಒಳಗಿಂದ ದಡಬಡ ಸದ್ದು.

ಜಗಳ ಕೇಳಿ ಮೇಲಿನ ಮಹಡಿಯ ಹೆಡ್‌ಮಾಸ್ತರರು ಇಳಿದು ಬಂದರು. ನಿವೃತ್ತರಾಗಿ ಆರು ವರ್ಷವಾದರೂ ಅವರು ಕರೆಯದೆ ತಪಾಸಣೆಗೆ ಹೋಗುವ ಅಭ್ಯಾಸ ಬಿಟ್ಟಿರಲಿಲ್ಲ. ಬಾಗಿಲಿಗೆ ಕಿವಿ ಕೊಟ್ಟು, “ತಲೆ ಚಚ್ಚಿಕೊಳ್ತಿವೆ ಕಣಯ್ಯಾ!” ಎಂದರು.

“ಅಯ್ಯೋ ದೇವರೇ!” ಎಂದಳು ಹೆಂಡತಿ.

“ಚಚ್ಕೊಳ್ಳಲಿ ಬಿಡಿ ಸಾರ್, ಅಳು ಜಾಸ್ತಿ ಆದಷ್ಟೂ ನಗು ಚೆನ್ನಾಗಿ ಬರುತ್ತೆ,” ಎಂದು ಇವನು ಸ್ಟುಡಿಯೋದ ದೀಪಗಳನ್ನು ನಿಲ್ಲಿಸತೊಡಗಿದ.

“ನೀನು ಅಪ್ಪನೋ, ಕಟುಕನೋ?” ಎಂದು ಹೆಡ್‌ಮಾಸ್ತರರು ಗದರಿದರು.

ಪಕ್ಕದ ಮನೆಯ ವಿಮೆ ಏಜೆಂಟು ಅಷ್ಟರಲ್ಲಿ ಹಾಜರಾಗಿದ್ದ. ಎಲ್ಲರ ನಂಬರೂ ಅವನ ಫೋನಿನಲ್ಲಿತ್ತು. ಮೂಲೆಗೆ ಹೋಗಿ ಗುಡುಗಮ್ಮನಿಗೇ ಫೋನು ಹಚ್ಚಿದ: “ಅಕ್ಕಾ, ನಿಮ್ಮ ಹೆಸರು ಹೇಳಿ ಮಕ್ಕಳನ್ನ ಹೆದರಿಸ್ತಿದಾನೆ ನಿಮ್ಮ ತಮ್ಮ. ಏನಾದ್ರೂ ಅನಾಹುತ ಆದೀತು.” ಅತ್ತ ಕಡೆಯಿಂದ ಬಂದ ಉತ್ತರಕ್ಕೆ ಅವನ ಫೋನು ಕೈಯಲ್ಲೇ ನಡುಗಿತು.

ಅರ್ಧ ಗಂಟೆ ಕಳೆಯಿತು. ಹತ್ತಾಗಲು ಐದು ನಿಮಿಷ. ಬಾಡಿಗೆ ಕಾರು ಕೆಳಗೆ ಬಂದು ನಿಂತಿತು. ಹೆಡ್‌ಮಾಸ್ತರರು ವೈರು ಎಡವಿ ಒಂದು ದೀಪವನ್ನು ಅಪ್ಪಿಕೊಂಡು ಬಿದ್ದರು. ಇನ್ನೊಂದು ಉಳಿದಿತ್ತು. ಆಗ ಚಿಲಕ ಸರಿಯಿತು.

ಮಕ್ಕಳು ಬ್ಯಾಗು ಹೊತ್ತು ನಿಂತಿದ್ದವು. ತಾವೇ ತಲೆ ಬಾಚಿಕೊಂಡಿದ್ದವು, ಶೂ ಬಲ ಎಡವಾಗಿತ್ತು. ‘ಎಷ್ಟು ಧೈರ್ಯ ತಂದ್ಕೊಂಡಿವೆ!’ ಎಂದು ಅಪ್ಪನ ಕಣ್ಣು ತುಂಬಿತು. ಕ್ಯಾಮೆರಾ ಎತ್ತಿ ಕೂಗಿದ:

“ಅತ್ತೆ ಮನೆಗಲ್ಲ ಕಣ್ರೋ! ಸುಳ್ಳು ಹೇಳ್ದೆ! ನಾವೆಲ್ಲ ಹೋಗ್ತಿರೋದು ಥೀಮ್ ಪಾರ್ಕಿಗೆ!”

ಕ್ಲಿಕ್, ಕ್ಲಿಕ್, ಕ್ಲಿಕ್.

ಮಗನ ಕೆಳತುಟಿ ಹೊರಗೆ ಬಂತು. ಮಗಳ ಕೈಯಿಂದ ಬ್ಯಾಗು ಜಾರಿತು. ಆಮೇಲೆ ಇಬ್ಬರೂ ಒಟ್ಟಿಗೇ ಸೂರು ಹಾರಿಹೋಗುವಂತೆ ಕಿರುಚಿದವು.

“ಗೇಟು ಯಾರು ಹಾಕ್ತಾರೆ?” ಎಂದು ಮಗ ನೆಲಕ್ಕೆ ಬಿದ್ದು ಹೊರಳಿದ.

“ರಾತ್ರಿ ಎಂಟೂವರೆ ರೈಲಿಗೆ ನಾನೇ ಬಾವುಟ ಹಿಡೀಬೇಕು! ಅತ್ತೆ ಮಾತು ಕೊಟ್ಟಿದಾರೆ! ಹೋದ ವರ್ಷವೂ ನೀನೇ ಎಳ್ಕೊಂಡು ಬಂದೆ!” ಮಗಳು ಅಪ್ಪನ ಹೊಟ್ಟೆಗೆ ಗುದ್ದಿದಳು.

“ಪಾರ್ಕಲ್ಲೂ ಪುಟ್ಟ ರೈಲಿದೆ ಕಂದಾ...”

“ಅದು ಸುಳ್ಳು ರೈಲು!”

ಮೆಟ್ಟಿಲ ಮೇಲೆ ಗುಡುಗು ಕೇಳಿಸಿತು. “ಎಲ್ಲಿದಾನೆ ಅವನು? ನಾನೇನು ಗುಮ್ಮನಾ?” ರಾತ್ರಿ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದ ಅಕ್ಕ ಬಾಗಿಲು ತುಂಬ ನಿಂತಳು. ಏಜೆಂಟು ಹೆಡ್‌ಮಾಸ್ತರರ ಹಿಂದೆ ಅಡಗಿದ.

ಮಕ್ಕಳು ತಿರುಗಿ ನೋಡಿದವು. ಆಗ ಮೂಡಿತು ನೋಡಿ ಆ ಎರಡು ಮುಖಗಳ ಮೇಲೆ, ಕಣ್ಣೀರಿನ ನಡುವಿನಿಂದಲೇ, ಕಿವಿಯಿಂದ ಕಿವಿಗೆ, ಉದುರಿದ ಹಲ್ಲಿನ ಕಿಂಡಿ ಸಮೇತ! ಇಪ್ಪತ್ತು ವರ್ಷದ ಕಸುಬಿನಲ್ಲಿ ಫೋಟೋದವನು ಅಂಥ ನಗು ಕಂಡಿರಲಿಲ್ಲ. ಬಾಯಿ ತೆರೆದುಕೊಂಡು ನೋಡುತ್ತಲೇ ನಿಂತ. ಬೆರಳು ಗುಂಡಿಯ ಮೇಲೇ ಇತ್ತು, ಒತ್ತುವುದನ್ನು ಮರೆತ. ನೆನಪಾಗುವಷ್ಟರಲ್ಲಿ ಎರಡು ಮುಖವೂ ಅತ್ತೆಯ ಹೊಟ್ಟೆಯಲ್ಲಿ ಹುದುಗಿದ್ದವು.

“ಅಕ್ಕಾ, ಇನ್ನೊಂದ್ಸಲ ಹೊರಗೆ ಹೋಗಿ ಒಳಗೆ ಬಾ, ನಿನ್ನ ಕಾಲಿಗೆ ಬೀಳ್ತೀನಿ!”

“ನಿನ್ನ ತಲೆ! ನಡೀರಿ ಮಕ್ಕಳೇ, ಹತ್ತೂಕಾಲಿಗೆ ಬಸ್ಸು.”

ಹೆಂಡತಿ ತನ್ನ ಚೀಲವನ್ನೂ ಹೆಗಲಿಗೇರಿಸಿದಳು.

“ನೀನೆಲ್ಲಿಗೆ? ಕಾರು ಬಂದಿದೆ, ನಾಲ್ಕು ಟಿಕೆಟ್ ಇದೆ!”

“ಇವರಿಬ್ಬರನ್ನ ಕರ್ಕೊಂಡು ಹೋಗಿ,” ಎಂದು ನೆರೆಯವರ ಕಡೆ ಗಲ್ಲ ತಿರುಗಿಸಿ, ಅತ್ತಿಗೆಯ ಹಿಂದೆ ಮೆಟ್ಟಿಲಿಳಿದಳು.

“ನನಗೆ ಎತ್ತರ ಅಂದ್ರೆ ತಲೆ ಸುತ್ತುತ್ತೆ,” ಎಂದರು ಹೆಡ್‌ಮಾಸ್ತರರು. “ಆದ್ರೂ ನೀನು ಅಷ್ಟು ಹೇಳಿದ್ಮೇಲೆ...”

ಅವನು ಏನೂ ಹೇಳಿರಲಿಲ್ಲ. ಕಿಟಕಿಗೆ ಓಡಿದ. ಕೆಳಗೆ ರಸ್ತೆಯಲ್ಲಿ ನಾಲ್ವರೂ ಕೈ ಕೈ ಹಿಡಿದು ಹೋಗುತ್ತಿದ್ದರು. ಮಗ ಏನೋ ಹೇಳಿದ್ದಕ್ಕೆ ಎಲ್ಲರ ಭುಜವೂ ನಗುವಿಗೆ ಕುಣಿಯುತ್ತಿತ್ತು.

“ಒಂದೇ ಒಂದ್ಸಲ ಈ ಕಡೆ ತಿರುಗ್ರೋ!”

ಬಸ್ಸು ಬಂತು, ಹತ್ತಿದರು. ಒಬ್ಬರೂ ತಿರುಗಲಿಲ್ಲ.