ನೂರಕ್ಕೆ ನೂರು ಮಾಡಿದ ಕಾರು

ಬ್ರೆಡ್ಡಿನ ತಟ್ಟೆ ಎತ್ತಿದರೆ ಅದರ ಹಿಂದೆ ಒಂದು ಮೇಲ್ದವಡೆ ಹದಿನಾಲ್ಕು ಹಲ್ಲು ಕಿರಿದುಕೊಂಡು ಕೂತಿತ್ತು. ಎತ್ತಿದವರು ಹಲ್ಲಪ್ಪನವರ ಹೆಂಡತಿ.

"ರೀ, ಇವತ್ತೇ ಕೊನೆ," ಎಂದರು ಆಕೆ, ತಟ್ಟೆಯನ್ನು ಹಾಗೇ ಗಾಳಿಯಲ್ಲಿ ಹಿಡಿದು. "ನಾಳೆಯಿಂದ ಊಟದ ಮೇಜಿನ ಮೇಲೆ ಒಂದೇ ಒಂದು ಹಲ್ಲು ಕಂಡ್ರೂ ನಿಮ್ಮ ಸಾಮಾನೆಲ್ಲ ಬೀದಿಗೆ ಹೋಗುತ್ತೆ."

ಹಲ್ಲಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ದಂತವೈದ್ಯರಿಗೆ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವ ಕಸುಬು ತಂದುಕೊಟ್ಟ ಬಿರುದು. ಊಟದ ಮೇಜಿನ ಮೇಲೆ ಊರವರ ಹಲ್ಲು ಉಜ್ಜುತ್ತ ಕೂರುವ ಆಸೆ ಅವರಿಗೂ ಇರಲಿಲ್ಲ. ಅದಕ್ಕೆಂದೇ ಮನೆಯಲ್ಲಿ ಒಂದು ಕೋಣೆಯಿತ್ತು. ಆದರೆ ಮೂರು ವರ್ಷದ ಹಿಂದೆ "ಎರಡು ದಿನ ಇದ್ದು ಹೋಗ್ತೀನಿ ಭಾವ" ಎಂದು ಬಂದ ಹೆಂಡತಿಯ ತಮ್ಮ ಅಲ್ಲಿ ಠಿಕಾಣಿ ಹೂಡಿದ್ದ. ಅವನ ಎರಡು ದಿನ ಇನ್ನೂ ಮುಗಿದಿರಲಿಲ್ಲ.

ಆ ಮಹಾಶಯನೇ ಈಗ ಆಕಳಿಸುತ್ತ ಹೊರಬಂದ. "ಭಾವ, ನಾನು ಕೋಣೆ ಖಾಲಿ ಮಾಡೋ ಕಾಲ ಬಂತು."

ಹಲ್ಲಪ್ಪನವರ ಕೈಯಲ್ಲಿದ್ದ ಕೆಳದವಡೆ ಜಾರಿ ಕಾಫಿ ಲೋಟಕ್ಕೆ ಬಿತ್ತು.

ಭಾವಮೈದುನನಿಗೆ ಸೇತುವೆಯ ಟೋಲ್ ಕಚೇರಿಯಲ್ಲಿ ತಾತ್ಕಾಲಿಕ ಕೆಲಸ. ಕಾರುಗಳಿಗೆ ಟೋಲ್ ಡಬ್ಬಿ ಅಂಟಿಸುವ ವಿಭಾಗ. ಬೆಂಕಿಪೊಟ್ಟಣದಷ್ಟು ದೊಡ್ಡ ಆ ಡಬ್ಬಿಯನ್ನು ಮುಂದಿನ ಗಾಜಿಗೆ ಅಂಟಿಸಿದರೆ ಟೋಲ್ ದುಡ್ಡು ತಾನಾಗಿ ಕಟ್ ಆಗಿ ಗೇಟು ತೆರೆದುಕೊಳ್ಳುತ್ತದೆ.

"ಸೇತುವೆ ದಾಟೋ ಕಾರುಗಳಲ್ಲಿ ಡಬ್ಬಿ ಇಲ್ಲದ್ದು ಇನ್ನು ಒಂದೇ ಒಂದು ಭಾವ, ನಿಮ್ಮದು! ಇವತ್ತು ಅಂಟಿಸಿದ್ರೆ ನೂರಕ್ಕೆ ನೂರು. ನೂರಾದ ತಕ್ಷಣ ನನ್ನ ಕೆಲಸ ಖಾಯಂ ಅಂತ ಸಾಹೇಬ್ರು ಮಾತು ಕೊಟ್ಟಿದ್ದಾರೆ. ಖಾಯಂ ಆದ್ರೆ ಕ್ವಾರ್ಟರ್ಸು."

"ಸ್ವಂತ ಭಾವನ ಕಾರಿಗೇ ಡಬ್ಬಿ ಇಲ್ವಾ?" ಹೆಂಡತಿ ಗಂಡನ ಕಡೆ ತಿರುಗಿದರು. "ಯಾಕ್ರೀ ಹಾಕಿಸ್ಲಿಲ್ಲ ಇಷ್ಟು ದಿನ?"

ಹಲ್ಲಪ್ಪನವರು ಲೋಟದೊಳಗೆ ಬೆರಳಾಡಿಸಿ ದವಡೆ ಎತ್ತಿಕೊಂಡರು. ಕಾರಣ ಹೇಳಿದರೆ ನಗುತ್ತಿದ್ದರು. ಅವರು ಮಾಡಿದ ನೂರಾರು ಸೆಟ್ಟುಗಳು ಯಾರ ಬಾಯಿ ಸೇರಿದವೋ ಅವರಿಗೇ ಗೊತ್ತಿಲ್ಲ. ವೈದ್ಯರು ಒಯ್ದರೆ ಮುಗಿಯಿತು. ಒಂದು ಸೆಟ್ಟು ಮಾತ್ರ ದಿನಾ ಕಣ್ಣಿಗೆ ಬೀಳುತ್ತಿತ್ತು. ಅದು ಟೋಲ್ ದುಡ್ಡು ಕೈಯಲ್ಲಿ ಕೊಡುವ ನಗದು ಲೇನಿನ ಕಿಂಡಿಯಲ್ಲಿ ಕೂರುವ ಮುದುಕ ಕ್ಲಾರ್ಕಿನ ಬಾಯಲ್ಲಿತ್ತು. ಚಿಲ್ಲರೆ ಕೊಡುವಾಗ ಆತ ಒಮ್ಮೆ ನಕ್ಕರೆ ಹಲ್ಲಪ್ಪನವರಿಗೆ ಹೊಟ್ಟೆ ತುಂಬುತ್ತಿತ್ತು. ಅಷ್ಟು ಚೆಂದದ ಕೋರೆಹಲ್ಲನ್ನು ಅವರು ಮತ್ತೆ ಮಾಡಿರಲಿಲ್ಲ.

ಆದರೆ ನಗು ಬೇರೆ, ಕೋಣೆ ಬೇರೆ. "ಅಂಟಿಸಪ್ಪ," ಎಂದುಬಿಟ್ಟರು.

ಭಾವಮೈದುನ ಎರಡೇ ನಿಮಿಷದಲ್ಲಿ ಡಬ್ಬಿ ಅಂಟಿಸಿ, "ಹತ್ತು ಗಂಟೆಗೆ ಸಾಹೇಬ್ರು ಹೂಗುಚ್ಛ ಹಿಡ್ಕೊಂಡು ಗೇಟಲ್ಲೇ ನಿಂತಿರ್ತಾರೆ. ಯಂತ್ರದ ಲೇನಲ್ಲೇ ಬನ್ನಿ ಭಾವ, ಮರೀಬೇಡಿ," ಎಂದು ಸ್ಕೂಟರ್ ಏರಿ ಹಾರಿದ.

ಅವನ ಹೊಗೆ ಕರಗುವ ಮೊದಲೇ ಒಂದು ಸೈಕಲ್ಲು ಏದುಸಿರು ಬಿಡುತ್ತ ಬಂದು ನಿಂತಿತು. ಏದುಸಿರು ಬಿಡುತ್ತಿದ್ದುದು ಸೈಕಲ್ಲಲ್ಲ, ಅದರ ಮೇಲಿದ್ದ ನಗದು ಲೇನಿನ ಕ್ಲಾರ್ಕು.

"ಸಾರ್, ಡಬ್ಬಿ ಹಾಕಿಸ್ಬೇಡಿ ಸಾರ್! ಒಂದು ದಿನ ಪೂರ್ತಿ ನಗದು ಬರದಿದ್ರೆ ಲೇನು ಮುಚ್ಚಬೇಕು ಅಂತ ಆರ್ಡರ್ ಇದೆ. ಆರು ತಿಂಗಳಿಂದ ನೀವೊಬ್ರೇ ಬರ್ತಿರೋದು. ಲೇನು ಹೋದ್ರೆ ಅದರ ಹಿಂದಿರೋ ನನ್ನ ರೂಮೂ ಹೋಯ್ತು." ಅಷ್ಟರಲ್ಲಿ ಗಾಜಿನ ಮೇಲಿನ ಡಬ್ಬಿ ಕಣ್ಣಿಗೆ ಬಿದ್ದು ಆತನ ಬಾಯಿ ತೆರೆದೇ ಉಳಿಯಿತು. ಅಂಥ ಹೊತ್ತಿನಲ್ಲೂ ಹಲ್ಲಪ್ಪನವರ ಕಣ್ಣು ಕೋರೆಹಲ್ಲಿನ ಮೇಲೆ ಹೋಯಿತು. ಡಬ್ಬಿ ಕೀಳಲೆಂದು ಕೈ ಎತ್ತಿದರು, ಕೋಣೆ ನೆನಪಾಗಿ ಇಳಿಸಿದರು.

"ಇದಕ್ಯಾಕೆ ಇಷ್ಟು ಒದ್ದಾಟ?" ಎಂಬ ದನಿ ಮೆಟ್ಟಿಲ ಮೇಲಿಂದ ಬಂತು. ಮೇಲಿನ ಮನೆಯ ಭೂಗೋಳದ ಮೇಷ್ಟ್ರು. ನಿವೃತ್ತಿಯಾದ ಮೇಲೆ ಭೂಮಂಡಲದಲ್ಲಿ ಅವರದಲ್ಲದ ವಿಷಯ ಯಾವುದೂ ಉಳಿದಿರಲಿಲ್ಲ. ಹಲ್ಲಪ್ಪನವರ ಕಾರಿನಲ್ಲಿ ದಿನಾ ಸೇತುವೆಯಾಚೆಯ ಲೈಬ್ರರಿಗೆ ಹೋಗುತ್ತಿದ್ದರು. "ಹೋಗುವಾಗ ಯಂತ್ರದ ಲೇನು, ಮೈದುನ ಖುಷಿ. ಬರುವಾಗ ಡಬ್ಬಿಗೆ ಅಡುಗೆಮನೆ ಫಾಯಿಲ್ ಸುತ್ತಿ, ಅದು ಕುರುಡಾಗುತ್ತೆ. ನಗದು ಕೊಟ್ಟು ಬನ್ನಿ, ಇವರೂ ಖುಷಿ."

ಹಲ್ಲಪ್ಪನವರು ಮೇಷ್ಟ್ರ ಕೈ ಹಿಡಿದು ಕುಲುಕಿದರು. ಕ್ಲಾರ್ಕು ಮೇಷ್ಟ್ರ ಕಾಲಿಗೇ ಬೀಳುವುದರಲ್ಲಿದ್ದ. "ಸಾಯಂಕಾಲ ಕಾಯ್ತಿರ್ತೀನಿ ಸಾರ್," ಎಂದು ಕಣ್ಣೊರೆಸಿಕೊಂಡು ಸೈಕಲ್ ತುಳಿದ.

ಹತ್ತಕ್ಕೆ ಸರಿಯಾಗಿ ಹಲ್ಲಪ್ಪನವರ ಕಾರು ಯಂತ್ರದ ಲೇನಿಗೆ ನುಗ್ಗಿತು. ಆಚೆ ಬದಿಯಲ್ಲಿ ಸಾಹೇಬರು, ಎರಡು ಹೂಗುಚ್ಛ, ಒಬ್ಬ ಫೋಟೋದವನು, ಇಸ್ತ್ರಿ ಮಾಡಿದ ಅಂಗಿಯ ಭಾವಮೈದುನ. ಎಲ್ಲರೂ ಚಪ್ಪಾಳೆಗೆ ಕೈ ಎತ್ತಿದರು. ಗೇಟು ಮಾತ್ರ ಏಳಲಿಲ್ಲ.

ಹಲ್ಲಪ್ಪನವರು ಒಂದಡಿ ಹಿಂದೆ ಸರಿದು ಮತ್ತೆ ಮುಂದೆ ಬಂದರು. ಗೇಟು ಜಪ್ಪಯ್ಯ ಎನ್ನಲಿಲ್ಲ. ಹಿಂದೆ ಹತ್ತು ಕಾರು, ಇಪ್ಪತ್ತು ಕಾರು; ಹಾರನ್ ಸದ್ದಿಗೆ ಸೇತುವೆಯೇ ನಡುಗುವಂತಾಯಿತು.

"ಏನಾಗಿದೆ ಈ ಡಬ್ಬಿಗೆ?" ಹಲ್ಲಪ್ಪನವರು ಬೆವರೊರೆಸಿಕೊಂಡು ಮೇಲೆ ನೋಡಿದರು. ಡಬ್ಬಿ ಫಳಫಳ ಹೊಳೆಯುತ್ತಿತ್ತು.

"ಸಾಯಂಕಾಲ ನೀವು ಮರೆತುಬಿಡ್ತೀರಿ ಅಂತ ನಾನೇ ಸುತ್ತಿಟ್ಟೆ," ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು ಹೆಮ್ಮೆಯಿಂದ ಹೇಳಿದರು. "ಮೂರು ಸುತ್ತು. ಮೇಲೆ ಅಂಟುಪಟ್ಟಿ."

"ಈಗ್ಲೇ ಯಾಕ್ರೀ ಸುತ್ತಿದ್ರಿ!"

"ನಾನು ಯಾವ ಕೆಲಸಾನೂ ಮುಂದಕ್ಕೆ ಹಾಕೋನಲ್ಲ."

ಹಲ್ಲಪ್ಪನವರು ಪರಚಿದರು. ಮೇಷ್ಟ್ರ ಕೆಲಸ ಗಟ್ಟಿ, ಬರಲಿಲ್ಲ. ಭಾವಮೈದುನ ಗೇಟಿನ ಕೆಳಗೆ ನುಸುಳಿ ಓಡಿಬಂದು, ಕಿಟಕಿಯೊಳಗೆ ಅರ್ಧ ಮೈ ತೂರಿಸಿ, ಎರಡೂ ಕೈಯಲ್ಲಿ ಎಳೆದ. ಫಾಯಿಲ್ ಹರಿಯಿತು, ಜೊತೆಗೆ ಡಬ್ಬಿಯೂ ಕಿತ್ತು ಅವನ ಕೈಗೇ ಬಂತು. ಅವನು ಅದನ್ನು ಗೆದ್ದ ಕಪ್ಪಿನಂತೆ ಎತ್ತಿ ಹಿಡಿದು ಸಾಹೇಬರ ಕಡೆ ಓಡಿದ. ಯಂತ್ರ ಕುಂಯ್ ಎಂದಿತು, ಗೇಟು ಎದ್ದಿತು, ಭಾವಮೈದುನ ಗಂಭೀರವಾಗಿ ದಾಟಿದ, ಗೇಟು ದಡ್ಡನೆ ಅವನ ಹಿಂದೆಯೇ ಹೊರಟ ಕಾರಿನ ಬಾನೆಟ್ ಮೇಲೆ ಬಿತ್ತು. ಫೋಟೋದವನು ಫೋಟೋ ತೆಗೆದ. ನಡೆದುಕೊಂಡು ಟೋಲ್ ಕಟ್ಟಿದ ಮೊದಲ ಮನುಷ್ಯ ಭಾವಮೈದುನನೇ ಇರಬೇಕು.

"ಯಂತ್ರ ಓದಿತು. ನೂರಕ್ಕೆ ನೂರು!" ಸಾಹೇಬರು ಘೋಷಿಸಿದರು. ಬಾನೆಟ್ಟಿನ ಮೇಲೆ ಗೇಟು ಹೊತ್ತುಕೊಂಡೇ ಹಲ್ಲಪ್ಪನವರು ಹಿಗ್ಗಿ ಹೀರೇಕಾಯಿಯಾದರು. ಕೋಣೆಯ ಕಿಟಕಿ, ಬೆಳಕು, ಸಾಲಾಗಿ ಒಣಗುವ ದವಡೆಗಳು ಎಲ್ಲ ಕಣ್ಣೆದುರು ಬಂದವು.

ಸಾಹೇಬರು ಒಂದು ಹೂಗುಚ್ಛವನ್ನು ಭಾವಮೈದುನನಿಗೆ ಕೊಟ್ಟರು. "ಕೊಟ್ಟ ಮಾತಿನಂತೆ ಇವರನ್ನು ಡಬ್ಬಿ ಅಂಟಿಸುವ ವಿಭಾಗದಲ್ಲಿ ಖಾಯಂ ಮಾಡಿದ್ದೇವೆ. ಇನ್ನು ಅಂಟಿಸಲು ಕಾರುಗಳೇ ಉಳಿದಿಲ್ಲದ್ದರಿಂದ, ಆ ವಿಭಾಗವನ್ನು ಈ ಕ್ಷಣದಿಂದ ಖಾಯಂ ಆಗಿ ಮುಚ್ಚಿದ್ದೇವೆ."

ಚಪ್ಪಾಳೆ ತಟ್ಟುತ್ತಿದ್ದವರಲ್ಲಿ ಭಾವಮೈದುನನೂ ಇದ್ದ. ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಎರಡನೆಯ ಹೂಗುಚ್ಛ ನಗದು ಕಿಂಡಿಯ ಕ್ಲಾರ್ಕಿಗೆ. "ನಗದು ಲೇನಿಗೂ ಇವತ್ತೇ ವಿದಾಯ."

"ಸಾಯಂಕಾಲ ಒಬ್ರು ಬರ್ತಾರೆ ಸಾರ್," ಎಂದ ಆತ, ಕ್ಷೀಣ ದನಿಯಲ್ಲಿ.

"ಯಾರ್ರೀ ಬರ್ತಾರೆ? ನೂರಕ್ಕೆ ನೂರು ಆಯ್ತಲ್ಲ," ಎಂದರು ಸಾಹೇಬರು.

ಸಾಯಂಕಾಲ ಹಲ್ಲಪ್ಪನವರ ಕಾರು ಮನೆ ಮುಂದೆ ನಿಂತಾಗ ಹಿಂದಿನ ಸೀಟಿನಲ್ಲಿ ಇಬ್ಬರು ನಿರುದ್ಯೋಗಿಗಳು, ಎರಡು ಹೂಗುಚ್ಛ ಮತ್ತು ಒಂದು ಹಾಸಿಗೆ ಸುರುಳಿ ಇದ್ದವು. ಹೆಂಡತಿ ಎಲ್ಲವನ್ನೂ ಕೇಳಿ ಗಂಡನನ್ನು ದುರುಗುಟ್ಟಿ ನೋಡಿದರು. "ನಿಮ್ಮ ಕಾರಿಂದ ವಯಸ್ಸಾದ ಮನುಷ್ಯ ಬೀದಿಗೆ ಬೀಳೋದಾ? ಅವರೂ ಕೋಣೆಯಲ್ಲೇ ಇರ್ಲಿ. ಹಲ್ಲು ಮಾತ್ರ ಮೇಜಿನ ಮೇಲೆ ಬೇಡ, ಹೇಳಿದ್ದೀನಿ."

ಹಲ್ಲಪ್ಪನವರಿಗೆ ಅಳು ಬಂತು. ಹಲ್ಲು ಕೂರಿಸುವ ಮೇಣದ ಡಬ್ಬ ತರಲೆಂದು ಕೋಣೆಯ ಕಡೆ ನಡೆದರು. ಬಾಗಿಲ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕ್ಲಾರ್ಕು ಕೂತಿದ್ದ. ಬಾಗಿಲಿಗೆ ಅಡ್ಡವಾಗಿ ಒಂದು ಕೊಡೆ ಹಿಡಿದಿದ್ದ.

"ಮೂವತ್ತು ವರ್ಷದ ಅಭ್ಯಾಸ ಸಾರ್. ಹೀಗೆ ಕೂರದಿದ್ರೆ ಎದೆ ಹಿಡಿದ ಹಾಗಾಗುತ್ತೆ. ಏನೂ ತಿಳ್ಕೋಬೇಡಿ."

ಆಗ ಭಾವಮೈದುನ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದ. ಜೇಬಿನಲ್ಲಿದ್ದ ಟೋಲ್ ಡಬ್ಬಿಯನ್ನು ತೋರಿಸಿದ. ಕ್ಲಾರ್ಕು ಕೊಡೆ ಮೇಲೆತ್ತಿದ, ಅವನು ಒಳಗೆ ಹೋದ, ಕೊಡೆ ಇಳಿಯಿತು.

ಹಲ್ಲಪ್ಪನವರೂ ಒಂದು ಹೆಜ್ಜೆ ಇಟ್ಟರು. ಕೊಡೆ ಅಲ್ಲಾಡಲಿಲ್ಲ. ಮುದುಕ ಸಂಕೋಚದಿಂದ ಮುಖ ಆ ಕಡೆ ತಿರುಗಿಸಿ, ಕೈ ಮಾತ್ರ ಈ ಕಡೆ ಚಾಚಿದ.

"ನೀವು ನಗದು ಅಲ್ವಾ ಸಾರ್?"

ಹಲ್ಲಪ್ಪನವರು ಹಿಂದೆ ಮುಂದೆ ನೋಡಿದರು. ಆಮೇಲೆ ಜೇಬಿನಲ್ಲಿ ಚಿಲ್ಲರೆ ಹುಡುಕತೊಡಗಿದರು.