ಮುಖ್ಯ ಅತಿಥಿಗಾಗಿ ಕಾದ ವಿಮಾನ ದಾಳಿ

ಚಿಂತಾಮಣಿಯ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುತ್ತ ಕೂಗುತ್ತಲೇ ಕೂದಲು ನರೆಸಿಕೊಂಡು ನಿವೃತ್ತನಾದವನು ನಾನು. ನನ್ನ ದನಿ ಒಮ್ಮೆ ಮೈಕಿನಿಂದ ಹೊರಟರೆ, ಗೌರಿಬಿದನೂರಿನ ಬಸ್ಸಿನಲ್ಲಿ ತಪ್ಪಿ ಕೂತವರು ಎದ್ದು ಬಂದು ಕೈವಾರದ ಬಸ್ಸು ಹತ್ತುತ್ತಿದ್ದರು. ಹೀಗಾಗಿ ಗಡಿಯಲ್ಲಿ ಪರಿಸ್ಥಿತಿ ಬಿಗಡಾಯಿಸಿ, ನಮ್ಮೂರಲ್ಲೂ ವಿಮಾನ ದಾಳಿಯ ಅಣಕು ಕವಾಯತು ನಡೆಯಬೇಕೆಂದು ತೀರ್ಮಾನವಾದಾಗ, ಮೈಕು ಯಾರ ಕೈಗೆ ಕೊಡಬೇಕು ಎಂಬ ಪ್ರಶ್ನೆಯೇ ಏಳಲಿಲ್ಲ. ತೋಳಿಗೆ ಪಟ್ಟಿ ಬಂತು, ಕೊರಳಿಗೆ ಸೀಟಿ ಬಂತು. ದೇಶದ ರಕ್ಷಣೆಯ ಒಂದು ಭಾಗ ನನ್ನ ಹೆಗಲೇರಿತು.

ಪಾಪ, ದೇಶ!

ನಮ್ಮ ಮಹಡಿಯ ಮೇಲೆ ಬಾಡಿಗೆಗಿರುವವರು ಉಕ್ರೇನ್ ದೇಶದ ತಾಯಿ ಮಗಳು. ಮಗಳು ಓಲ್ಗಾ ಯೋಗ ಕಲಿಯಲೆಂದು ಈ ಕಡೆ ಬಂದವಳು, ಅಲ್ಲಿ ಯುದ್ಧ ಶುರುವಾದ ಮೇಲೆ ತಾಯಿಯನ್ನೂ ಕರೆಸಿಕೊಂಡಳು. ತಾಯಿಯ ಹೆಸರು ಗಲೀನಾ. ನನ್ನ ಹೆಂಡತಿ ಸರೋಜಳ ಬಾಯಲ್ಲಿ ಗಲೀನಮ್ಮ. ಬಂದ ಹೊಸದರಲ್ಲಿ ಗಲೀನಮ್ಮ ನಮ್ಮ ಕುಕ್ಕರ್ ಕೂಗಿದರೂ ಗೋಡೆಗೆ ಒತ್ತಿಕೊಂಡು ಕೂತುಬಿಡುತ್ತಿದ್ದರು. ರಾತ್ರಿಯೆಲ್ಲ ಮೇಲೆ ಓಡಾಡುವ ಸದ್ದು. ಸರೋಜ ಕುಕ್ಕರನ್ನು ಅಟ್ಟಕ್ಕೆ ಹಾಕಿ, ಪಾತ್ರೆಯಲ್ಲಿ ಅನ್ನ ಬಸಿಯತೊಡಗಿದಳು. ಅಷ್ಟರಲ್ಲಿ ಅವರೆಕಾಯಿ ಕಾಲ ಬಂತು. ಇಬ್ಬರೂ ಜಗಲಿಯಲ್ಲಿ ಕೂತು, ಇವಳು ತನ್ನ ತವರಿನ ತೆಲುಗಿನಲ್ಲಿ, ಅವರು ತಮ್ಮ ಭಾಷೆಯಲ್ಲಿ ಮಾತಾಡುತ್ತ ನೆನೆಸಿದ ಕಾಳು ಹಿದುಕುತ್ತಿದ್ದರು. ಒಂದು ಬೇಳೆ ಜಾರಿ ಹಾರಿಬಂದು ನನ್ನ ಕನ್ನಡಕಕ್ಕೆ ಬಡಿದಾಗ ಗಲೀನಮ್ಮ ಮೊದಲ ಸಲ ನಕ್ಕರು. ಆಮೇಲಾಮೇಲೆ ಮಹಡಿಯ ಮೇಲಿನ ಓಡಾಟವೂ ನಿಂತಿತು.

ಕವಾಯತಿನ ಸುದ್ದಿ ಕೇಳಿ ಓಲ್ಗಾ ಕೆಳಗಿಳಿದು ಬಂದಳು. ಸರೋಜಳಿಂದ ಕಲಿತ ಕನ್ನಡ ಅವಳದು.

"ಅಂಕಲ್, ಅಮ್ಮನಿಗೆ ಸೈರನ್ ಕೇಳಿಸಬಾರದು. ಈಗ ಈಗ ನಿದ್ದೆ ಮಾಡ್ತಾಳೆ. ಅದೊಂದು ನೀವು ನೋಡ್ಕೊಳ್ಳಿ."

"ಓಲ್ಗಮ್ಮ, ಕಾರ್ಯಕ್ರಮ ಪೂರ್ತಿ ನನ್ನ ಕೈಯಲ್ಲೇ ಐತೆ. ನೀನು ಹಾಯಾಗಿರಮ್ಮ" ಅಂದೆ.

ಸೈರನ್ ಮೊಳಗುವುದು ಮಧ್ಯಾಹ್ನ ನಾಲ್ಕಕ್ಕೆ ಎಂದು ನಿಗದಿಯಾಗಿತ್ತು. ನಾನು ಆಟೋ ನಾರೆಪ್ಪನನ್ನು ಕರೆಸಿ, ಊಟವಾದ ಮೇಲೆ ಇಬ್ಬರನ್ನೂ ಕೈವಾರಕ್ಕೆ ಕರೆದುಕೊಂಡು ಹೋಗಿ, ದೇವಸ್ಥಾನ ತೋರಿಸಿ, ಮರದ ನೆರಳಲ್ಲಿ ಕೂರಿಸಿ, ಹೊತ್ತು ಇಳಿದ ಮೇಲೆ ವಾಪಸು ತರಬೇಕೆಂದು ಕಟ್ಟಪ್ಪಣೆ ಮಾಡಿದೆ. ನನ್ನ ಯೋಜನೆಯಲ್ಲಿ ಒಂದು ತೂತೂ ಇರಲಿಲ್ಲ. ಮುಖ್ಯ ಅತಿಥಿಯೂ ಇರಲಿಲ್ಲ.

ನಮ್ಮ ಕಡೆ ಬೋರ್‌ವೆಲ್ಲಿನ ಮೋಟಾರು ಚಾಲೂ ಮಾಡಬೇಕಾದರೂ ಮುಖ್ಯ ಅತಿಥಿ ಬೇಕು. ವಿಮಾನ ದಾಳಿಗೆ ಬೇಡವೇ? ಮೈದಾನದಲ್ಲಿ ಶಾಮಿಯಾನ ಹಾಕಿತ್ತು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗಿಸುವುದು, ವಿಮಾನ ದಾಳಿ, ವಂದನಾರ್ಪಣೆ, ಕೊನೆಗೆ ಚಿತ್ರಾನ್ನ.

ನಾಲ್ಕಾಯಿತು. ಅತಿಥಿ ಬರಲಿಲ್ಲ. ಕವಾಯತಿನ ಉಸ್ತುವಾರಿ ವಹಿಸಿದ್ದ ಅಧಿಕಾರಿ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಶಿಡ್ಲಘಟ್ಟದಲ್ಲಿ ಯಾವುದೋ ಮದುವೆಗೆ ಹೋಗವ್ರಂತೆ. ಬರೋವರ್ಗೂ ಜನಾನ ಹಿಡ್ಕೊಳ್ಳಿ ಸಾರ್."

ಜನರನ್ನು ಹಿಡಿದುಕೊಳ್ಳುವುದೆಂದರೆ ಮಾತಾಡುವುದು. ಪಕ್ಕದ ಮನೆಯ ಟೈಲರ್ ಮುನಿರಾಜುವಿಗೆ ನನ್ನ ಫೋನ್ ಕೊಟ್ಟು, ವಿಡಿಯೋ ಮಾಡು ಎಂದೆ. ಮೈಕು ಹಿಡಿದೆ. ಸ್ವಾತಂತ್ರ್ಯಕ್ಕಾಗಿ ವಿದುರಾಶ್ವತ್ಥದಲ್ಲಿ ಬ್ರಿಟಿಷರ ಗುಂಡಿಗೆ ಎದೆಯೊಡ್ಡಿದವರಿಂದ ಶುರುಮಾಡಿ, ಶತ್ರುವಿಮಾನವು ಅಂಬಾಜಿದುರ್ಗದ ಬೆಟ್ಟ ದಾಟಿ ಯಾವ ದಿಕ್ಕಿನಿಂದ ಬರಬಹುದೆಂದು ಕೈಮಾಡಿ ತೋರಿಸಿದೆ. ಸದ್ದು ಕೇಳಿದ ಕೂಡಲೇ ಗೋಡೆಯ ಬುಡಕ್ಕೆ ಬೋರಲು ಮಲಗಬೇಕು, ಕಿವಿ ಮುಚ್ಚಬೇಕು, ಬಾಯಿ ತುಸು ತೆರೆದಿರಬೇಕು ಎಂದು ಅಭಿನಯಿಸಿದೆ. ಜನ ಕಡಲೆಕಾಯಿ ಬಿಡಿಸುತ್ತ ಕೇಳಿದರು. ಶತ್ರುವಿಮಾನವೂ ಪಾಪ, ಅತಿಥಿ ಬರಲಿ ಎಂದು ಎಲ್ಲೋ ಮೋಡದ ಮರೆಯಲ್ಲಿ ಕಾಯುತ್ತಿತ್ತು.

ಹೊತ್ತು ಇಳಿಯಿತು. ಅತಿಥಿಗಳು ಮದುವೆ ಊಟ ಮುಗಿಸಿ ಸೀದಾ ಬೆಂಗಳೂರಿಗೆ ಹೋದರೆಂದು ಸುದ್ದಿ ಬಂತು. ಅಧಿಕಾರಿ ಅತಿಥಿಗೆ ತಂದಿಟ್ಟ ಹಾರವನ್ನು ನೋಡಿದರು, ನನ್ನನ್ನು ನೋಡಿದರು.

"ಸೈರನ್ ಗುಂಡಿ ನೀವೇ ಒತ್ಬಿಡಿ ಸಾರ್. ಇಷ್ಟೊತ್ತು ಮಾತಾಡಿದೀರ."

ಹಾರ ನನ್ನ ಕೊರಳಿಗೆ ಬಿತ್ತು. ನಿಜ ಹೇಳಬೇಕೆಂದರೆ, ಆ ಗುಂಡಿ ಒತ್ತುವಾಗ ನನಗೆ ಗಲೀನಮ್ಮ ನೆನಪಾಗಲಿಲ್ಲ. ಫೋಟೋದಲ್ಲಿ ಹಾರ ಸೊಟ್ಟಗೆ ಬೀಳಬಾರದು ಎಂಬುದಷ್ಟೇ ತಲೆಯಲ್ಲಿತ್ತು.

ಸೈರನ್ ಮೊಳಗಿತು. ಊರಿನವರು ಮನೆಯೊಳಗೆ ಹೋಗಬೇಕಿತ್ತು. ಒಳಗಿದ್ದವರೆಲ್ಲ ಹೊರಗೆ ಬಂದರು! ತಾರಸಿಗಳ ಮೇಲೆ ಸಾಲಾಗಿ ನಿಂತು ಫೋನು ಎತ್ತಿ ಹಿಡಿದರು. ಸರಿಯಾಗಿ ಆಗಲೇ ಮೈದಾನದ ಪಕ್ಕದ ರಸ್ತೆಗೆ ನಾರೆಪ್ಪನ ಆಟೋ ತಿರುಗಿತು. ಅದು ನಿಲ್ಲುವ ಮೊದಲೇ ಓಲ್ಗಾ ತಾಯಿಯನ್ನು ಎಳೆದುಕೊಂಡು ಇಳಿದಳು. ಗಲೀನಮ್ಮ ಕಾಂಪೌಂಡ್ ಗೋಡೆಯ ಬುಡಕ್ಕೆ ಬೋರಲು ಬಿದ್ದರು, ಕಿವಿ ಮುಚ್ಚಿದರು, ಬಾಯಿ ತೆರೆದರು. ಮಗಳು ಅವರ ಬೆನ್ನಿನ ಮೇಲೆ ಅಡ್ಡ ಮಲಗಿದಳು. ನಾನು ಅಷ್ಟು ಹೊತ್ತು ಕೂಗಿ ಹೇಳಿದ್ದನ್ನು ಒಂದೂ ಬಿಡದೆ ಮಾಡಿದವರು ಇಡೀ ಊರಿನಲ್ಲಿ ಅವರಿಬ್ಬರೇ. ಅವರು ನನ್ನ ಭಾಷಣ ಕೇಳಿರಲಿಲ್ಲ.

ಇದೂ ಕಾರ್ಯಕ್ರಮದ ಭಾಗವೆಂದು ಜನ ಚಪ್ಪಾಳೆ ತಟ್ಟಿದರು.

ನಾನು ಸೈರನ್ ನಿಲ್ಲಿಸಲು ಹೋದೆ. ಒತ್ತಿದ ಗುಂಡಿ ಮೇಲೇಳಲಿಲ್ಲ. ಗುದ್ದಿದೆ. ಸದ್ದು ಇನ್ನೂ ಜೋರಾಯಿತು. ಕೊನೆಗೆ ಯಾರೋ ತಂತಿಯನ್ನೇ ಕಿತ್ತರು. ಕೊರಳಲ್ಲಿ ಹಾರ ಹೊಯ್ದಾಡಿಸುತ್ತ ನಾನು ರಸ್ತೆಗೆ ಓಡಿಬರುವಷ್ಟರಲ್ಲಿ, ಅಧಿಕಾರಿ ಮೈಕಿನಲ್ಲಿ ವಿದೇಶಿಯರನ್ನು ನೋಡಿ ಕಲಿಯಬೇಕೆಂದು ಊರಿಗೆ ಬುದ್ಧಿ ಹೇಳುತ್ತಿದ್ದರು. ಅತಿಥಿಗೆಂದು ತಂದ ಶಾಲು ಗಲೀನಮ್ಮನ ಹೆಗಲ ಮೇಲಿತ್ತು. ಹಣ್ಣಿನ ಬುಟ್ಟಿ ಮಡಿಲಲ್ಲಿತ್ತು. ಕೆನ್ನೆಗೆ ಮಣ್ಣು ಮೆತ್ತಿತ್ತು. ಅವರು ಬುಟ್ಟಿಯನ್ನು ಗಟ್ಟಿಯಾಗಿ ಅಪ್ಪಿಕೊಂಡು ಆಕಾಶ ನೋಡುತ್ತಿದ್ದರು.

"ಅಂಕಲ್, ಕಾರ್ಯಕ್ರಮ ಮುಗಿಯಿತಾ ಕೇಳೋಕೆ ಫೋನ್ ಮಾಡಿದೆ. ತುಂಬಾ ಸಲ ಮಾಡಿದೆ" ಅಂದಳು ಓಲ್ಗಾ.

ಮುನಿರಾಜು ಸಂತೋಷದಿಂದ ನನ್ನ ಫೋನನ್ನು ಕೈಗಿಟ್ಟ. "ವಿಡಿಯೋ ಮಧ್ಯೆ ಕಾಲ್ ಬರ್ತಾನೇ ಇತ್ತು ಸಾರ್, ಎಲ್ಲಾ ಕಟ್ ಮಾಡ್ದೆ. ನಿಮ್ಮ ಭಾಷಣ ಒಂಚೂರೂ ತಪ್ಪಿಲ್ಲ."

ಮನೆಗೆ ಬಂದದ್ದೇ ಗಲೀನಮ್ಮ ಮಹಡಿ ಹತ್ತಿ ತಮ್ಮ ಮಂಚದ ಕೆಳಗೆ ಸೇರಿಕೊಂಡರು. ಓಲ್ಗಾ ಕರೆದರೂ ಬರಲಿಲ್ಲ. ಸರೋಜ ಅನ್ನ ಸಾರು ಕಲಸಿಕೊಂಡು ತಾನೂ ಮಂಚದ ಕೆಳಗೆ ಹೋಗಿ ಕೂತಳು. ನಾನು ಬಾಗಿಲಲ್ಲಿ ನಿಂತು, ಎಲ್ಲ ಸುಳ್ಳು ದಾಳಿ, ಭಯಪಡುವ ಅಗತ್ಯವಿಲ್ಲ ಎಂದು ಸ್ಪಷ್ಟವಾದ ಕನ್ನಡದಲ್ಲಿ ತಿಳಿಸತೊಡಗಿದೆ.

"ರೀ" ಎಂದು ಮಂಚದ ಕೆಳಗಿನಿಂದ ಸರೋಜಳ ದನಿ ಬಂತು. "ಆಗಿದ್ದು ಸಾಲ್ದಾ? ಬರೋದಾದ್ರೆ ಬಗ್ಗಿ ಬನ್ನಿ."

ಬಗ್ಗಿದೆ. ತಲೆ ಹೋಯಿತು, ಹೆಗಲು ಹೋಯಿತು, ಹೊಟ್ಟೆ ಮಂಚದ ಪಟ್ಟಿಗೆ ಸಿಕ್ಕಿಕೊಂಡಿತು. ಮುಂದೆ ಹೋಗಲಾರೆ, ಹಿಂದೆ ಬರಲಾರೆ. ಒಳಗಿನ ಕತ್ತಲಿನಿಂದ ಎರಡು ತಣ್ಣನೆಯ ಕೈಗಳು ಬಂದು ನನ್ನ ತಲೆಯನ್ನು ನೆಲಕ್ಕೆ ಒತ್ತಿದವು. ನನ್ನ ಕಿವಿಗಳನ್ನು ಬಲವಾಗಿ ಮುಚ್ಚಿದವು. ನಾನು ಕೊಸರಿದರೂ ಆ ಕೈಗಳು ಬಿಡಲಿಲ್ಲ.

"ಅಲ್ಲಾಡ್ಬೇಡಿ" ಎಂದು ಸರೋಜ ಅಂದದ್ದು ಆ ಕೈಗಳ ಸಂದಿಯಿಂದ ಕೇಳಿಸಿತು. "ನಿಮ್ಮನ್ನ ಕಾಪಾಡ್ತಾವ್ರೆ."

ಗಲೀನಮ್ಮ ಇವತ್ತಿಗೂ ಮಂಚದ ಕೆಳಗೇ ಮಲಗುತ್ತಾರೆ. ನಿದ್ದೆ ಬಾರದ ರಾತ್ರಿಗಳಲ್ಲಿ ಮಹಡಿಯ ಮೇಲೆ ಮತ್ತೆ ಓಡಾಟದ ಸದ್ದು. ನನ್ನ ಮೇಲೆ ಅವರಿಗೆ ಸಿಟ್ಟೇನೂ ಇಲ್ಲ. ನಾನು ಬಾಗಿಲಲ್ಲಿ ಕಂಡರೆ ಸಾಕು, ಬೇಗ ಬಾ ಎಂದು ಕೈಬೀಸಿ ಮಂಚದ ಕೆಳಗೆ ಕರೆಯುತ್ತಾರೆ, ಪಾಪ, ಈ ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ ಎಂಬ ಮುಖ ಮಾಡಿಕೊಂಡು.

ಅವರ ಅಂದಾಜು ಸರಿಯಾಗಿಯೇ ಇದೆ.